ದೇವರ ಜಗಲಿ ಮ್ಯಾಲಿನ ಬ್ಯಾಡ್ಜ್

ಡಾಕ್ಟ್ರ,

ಪರೀಕ್ಷಾ ಡ್ಯೂಟಿಗೆ ಸಿಂದಗಿಗೆ ಹೊಂಟೇನಿ. ರೊಟ್ಟಿ ಡಬ್ಬಿಯೊಳಗ ಅದಾವು.

ಇವತ್ತ ಇಂಡಿ ಊರಿನ ದವಾಖಾನಿಯೊಳಗ ತೊಡಿ ಎಲುಬಿನ ಆಪರೇಶನ್ ಐತಿ ಅಂದಿದ್ರಿ, ಎಕ್ಸ್-ರೇ ಹಚ್ಚಿಕೊಂಡೇ ಮಾಡ್ಬೇಕಲ್ಲ. ಕಿರಣ ತಡಿಯೋ ಸೀಸದ ಏಪ್ರನ್ ಮಡಚಿ ಡಿಕ್ಕಿಯೊಳಗ ಒಗೀಬ್ಯಾಡ್ರಿ, ಮಡಿಕಿಯೊಳಗ ಸೀಳತೈತಿ. ಹಿಂದಿನ ಸೀಟಿನ ಮ್ಯಾಲೆ ಹಾಸೇನಿ.

ಮೈಗೆ ಎಷ್ಟು ಕಿರಣ ಬಿದ್ದಾವ ಅಂತ ಅಳೆಯೋ ನಿಮ್ಮ ಬ್ಯಾಡ್ಜ್ ದೇವರ ಜಗಲಿ ಒರಸುವಾಗ ಸಿಕ್ತು. ಎಲ್ಲೆರೆ ಕಳದೀತಂತ ವರ್ಷದಿಂದ ಅಲ್ಲೇ ಇಡ್ತೀರಂತ, ಅತ್ತಿ ಹೇಳಿದ್ರು. ಅಂಗಿಗೆ ಚುಚ್ಚೇನಿ. ತಗೀಬ್ಯಾಡ್ರಿ.

ಕಿರಣದಾಗ ಕೈ ಇಟ್ಟೂ ಇಟ್ಟೂ ಹೆಬ್ಬೆರಳಿನ ಉಗುರಿನಾಗ ಎದ್ದ ಕರೀ ಗೆರಿ ನನಗ ಕಾಣಂಗಿಲ್ಲ ಅಂತ ತಿಳೀಬ್ಯಾಡ್ರಿ. ಗುರುವಾರ ವಿಜಾಪುರಕ್ಕ ತೋರಿಸಾಕ ಹೋಗೂದು, ನೆವ ಹೇಳಬ್ಯಾಡ್ರಿ.

ಬ್ಯಾಡ್ಜಿನ ರಿಪೋರ್ಟಿನಾಗ ಸೊನ್ನೆ ಬಂತಂತ ಪೇಡೆ ತಂದಿದ್ರಿ, ನಾನೂ ನಂಬಿ ತಿಂದೆ. ಆ ಸೊನ್ನೆ ಜಗಲಿ ಮ್ಯಾಲಿನ ದೇವರದು, ನಿಮ್ಮ ಕೈದಲ್ಲ.

ಭುವನೇಶ್ವರಿ