ಎಲ್ಲರಿಗೂ ಸಾಹೇಬರಂಥದೇ ಫೋನು

ನೀರು ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನಿಮ್ಮ ಕಚೇರಿಯ ಫೋನುಗಳಲ್ಲಿ ಒಂದೂ ರಿಂಗಾಗುವುದಿಲ್ಲ. ನಮ್ಮ ಬೀದಿಯ ಪೈಪು ಒಡೆದು ನೀರು ನನ್ನ ಭಾವನ ಹಾಸಿಗೆ ಅಂಗಡಿಗೆ ನುಗ್ಗುತ್ತಲೇ ಇದೆ. ಈ ಎರಡಕ್ಕೂ ಇರುವ ನಂಟನ್ನು ಮೊದಲು ಹೇಳಿದವನು ನಿಮ್ಮ ಫೋನುಗಳನ್ನು ಜೋಡಿಸಿದ ಮೆಕ್ಯಾನಿಕ್ಕೇ. ಹೇಳಿದ್ದು ಹೋದ ಭಾನುವಾರ, ಕ್ಷೌರದಂಗಡಿಯಲ್ಲಿ, ಅರ್ಧ ಗಡ್ಡ ಬೋಳಿಸಿಕೊಂಡು ಇನ್ನರ್ಧಕ್ಕೆ ನೊರೆ ಹಚ್ಚಿಸಿಕೊಂಡಿದ್ದಾಗ. ಭಾವನೂ ಸೇರಿ ನಾವು ನಾಲ್ಕೈದು ಜನ ಬೆಂಚಿನ ಮೇಲೆ ಕೂತು ಕೇಳಿದೆವು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಿದ್ದೇನೆ.

ಫೋನಿಗೂ ಒಳಗೊಂದು ಬುದ್ಧಿ ಇರುತ್ತದಂತೆ, ಅದಕ್ಕೆ ಫರ್ಮ್‌ವೇರ್ ಅನ್ನುತ್ತಾರಂತೆ. ಇಂಟರ್ನೆಟ್ಟಿನ ಮೂಲಕ ಮಾತಾಡುವ ನಿಮ್ಮ ಫೋನುಗಳ ಬುದ್ಧಿ ಹಳೆಯದಾಯಿತೆಂದು ಅವನು ಹೊಸದನ್ನು ತುಂಬಿದ. ತುಂಬಿದ್ದೇ ತಡ, ಅವು ಹಿಂದಿನದನ್ನೆಲ್ಲ ಮರೆತು, ತಮ್ಮ ನಂಬರು ಯಾವುದೆಂದೂ ತಿಳಿಯದೆ ಕೂತವು. ಬಡ್ತಿ ಸಿಕ್ಕ ಮನುಷ್ಯರೇ ಹಾಗಾಗುವುದನ್ನು ಕಂಡಿದ್ದೇವೆ, ಬಡಪಾಯಿ ಫೋನಿಗೇಕೆ ಬೈಯಬೇಕು? ಒಂದೊಂದಕ್ಕೂ ಮತ್ತೆ ಪಾಠ ಹೇಳಬೇಕಾಯಿತು. ಮೊದಲ ಸರದಿ ತಮ್ಮ ಮೇಜಿನದು. ತಾವು ಅಪ್ಪಣೆ ಕೊಡಿಸಿದಿರಿ: “ನನ್ನ ಫೋನು ಯಾವ ಕಾರಣಕ್ಕೂ ರಿಂಗಾಗಬಾರದು.” ಅದಕ್ಕೆಂದೇ ‘ತೊಂದರೆ ಕೊಡಬೇಡಿ’ ಎಂಬ ಏರ್ಪಾಡು ಇದೆಯಂತೆ, ಹಾಕಿದರೆ ಕರೆ ಮಾಡಿದವರಿಗೆ ಎಂಗೇಜ್ ಸದ್ದಷ್ಟೇ ಕೇಳುತ್ತದಂತೆ. ಅವನು ಅದನ್ನು ಹಾಕಿ, ಕೈತಪ್ಪಿಯೂ ಯಾರೂ ಬದಲಾಯಿಸದ ಹಾಗೆ ಬೀಗ ಜಡಿದ.

ಆಗ ಎದ್ದಿತು ನೋಡಿ ಗದ್ದಲ.

“ಸಾಹೇಬ್ರ ಫೋನಲ್ಲಿ ಏನೇನಿದ್ಯೋ ಅದೆಲ್ಲ ನಮಗೂ ಇರ್ಬೇಕು. ನಾವೇನು ಬಿಟ್ಟಿ ಬಂದವ್ರಾ?” ಅಂದರಂತೆ ಹೆಡ್ ಕ್ಲಾರ್ಕು.

“ನಂಗೂ ಅಷ್ಟೇ ಕಣಪ್ಪಾ, ಒಂದೂ ಕಮ್ಮಿ ಆಗ್ಬಾರ್ದು” ಅಂದರಂತೆ ದೂರು ವಿಭಾಗದ ಮೇಡಂ.

“ಸ್ವಲ್ಪ ಯೋಚ್ನೆ ಮಾಡಿ ಮೇಡಂ...”

“ಯೋಚ್ನೆ ಮಾಡು ಅನ್ನೋಕೆ ನೀನ್ಯಾರಯ್ಯಾ?”

ಸರಿ. ನಂಬರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ, ಆ ಬೀಗದ ಸಮೇತ, ತಮ್ಮ ಫೋನಿನಿಂದ ನಕಲು ತೆಗೆದು, ಕಚೇರಿಯ ಅಷ್ಟೂ ಫೋನುಗಳಿಗೆ ಸುರಿದು, ಅವನು ಮನೆಗೆ ಹೋದ.

ಅಂದಿನಿಂದ ಯಾರು ಕರೆ ಮಾಡಿದರೂ ಎಂಗೇಜು. ಪಾಪ, ಎಷ್ಟೊಂದು ಕೆಲಸವೋ ಎಂದು ಜನ ಮರುಗಿದರು. ಒಳಗೆ ತಾವು, ದೂರುಗಳೇ ನಿಂತುಹೋದವೆಂದು ಸಭೆ ಸೇರಿಸಿ ಚಪ್ಪಾಳೆ ತಟ್ಟಿಸಿದಿರಂತೆ. ಇಡೀ ಊರಿನ ನಲ್ಲಿಗಳು ಒಂದೇ ದಿನದಲ್ಲಿ ರಿಪೇರಿಯಾದವೆಂದು ನಂಬಲು ಎಂಥ ಎದೆಗಾರಿಕೆ ಬೇಕು, ಮಾನ್ಯರೇ!

ನನ್ನ ಭಾವ ಹಾಸಿಗೆ ಹೊಲಿಯುವವರು. ಹಾಸ್ಟೆಲೊಂದಕ್ಕೆ ಒಪ್ಪಿಸಬೇಕಾದ ಹತ್ತಿ ಹಾಸಿಗೆಗಳು ಅಂಗಡಿ ತುಂಬ ಇದ್ದವು. ಹತ್ತಿ ನೀರು ಕುಡಿಯುವ ಚೆಂದವನ್ನು ತಾವು ನೋಡಬೇಕಿತ್ತು. ಒಂದೊಂದೂ ಗಬ್ಬದ ಎಮ್ಮೆಯ ಹಾಗೆ ಉಬ್ಬಿತು. ಈ ವಾರ ಒಪ್ಪಿಸದಿದ್ದರೆ ಆ ಕೆಲಸ ಬೇರೆಯವರ ಪಾಲು, ಭಾವನ ಸೂಜಿಗೆ ವರ್ಷವಿಡೀ ರಜೆ. ಪೈಪು ಒಡೆದ ದಿನವೇ, ಇದಾವುದೂ ಗೊತ್ತಿಲ್ಲದ ಅವರು, ಕರೆ ಮಾಡಿ ಮಾಡಿ ಸಾಕಾಗಿ, ನಿಮ್ಮ ಕಚೇರಿಗೇ ಓಡಿ ಬಂದಿದ್ದರು.

“ದೂರು ಈಗ ಫೋನಲ್ಲೇ ಕೊಡ್ಬೇಕು ರೀ” ಅಂದರು ಮೇಡಂ.

ಭಾವ ಅವರ ಮೇಜಿನ ಮುಂದೆಯೇ ನಿಂತು ಮೊಬೈಲಿನಿಂದ ಕರೆ ಮಾಡಿದರು. ಮೇಜಿನ ಫೋನು ತೆಪ್ಪಗಿತ್ತು.

“ಇಗೋ ತಾಯೀ, ನಾನೇ ಮಾಡ್ತಿರೋದು. ಎತ್ತಿ.”

“ರಿಂಗಾಗ್ದೆ ಹೇಗ್ರೀ ಎತ್ಲಿ?”

“ಎಂಗೇಜ್ ಬರ್ತಿದೆ.”

“ನಾನು ಯಾರ ಹತ್ರಾನೂ ಮಾತಾಡ್ತಿಲ್ವಲ್ಲ! ನಿಮ್ಮ ಮೊಬೈಲ್ ಕೆಟ್ಟಿದೆ, ತೋರಿಸ್ಕೊಳ್ಳಿ. ನಮ್ದಕ್ಕೆ ಈಗಷ್ಟೇ ಹೊಸದೆಲ್ಲ ಹಾಕ್ಸಿದೀವಿ.”

ಮೆಕ್ಯಾನಿಕ್ಕಿನ ಕತೆ ಕೇಳಿದ ಮೇಲೆ ನಾನು, “ಹೋಗಿ ಸರಿಮಾಡೋ ಪುಣ್ಯಾತ್ಮ” ಎಂದೆ.

“ಆಫೀಸಿನವ್ರ ಅನುಮತಿ ಇಲ್ದೆ ಮುಟ್ಟೋ ಹಾಗಿಲ್ಲ ಅಣ್ಣಾ. ಕೇಳೋಣಾಂತ ಫೋನ್ ಮಾಡ್ದೆ. ಎಂಗೇಜು!”

ಕ್ಷೌರದವನು ನಗು ತಡೆಯಲಾರದೆ ಕತ್ತಿ ಕೆಳಗಿಟ್ಟ. ನಗದವರು ಭಾವ ಒಬ್ಬರೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ದೂರು ವಿಭಾಗದ ಒಂದೇ ಒಂದು ಫೋನಿನ ಬೀಗ ತೆಗೆಸಿ, ಪೈಪು ಕಟ್ಟುವವರನ್ನು ಇವತ್ತೇ ಕಳಿಸಿ. ತಮ್ಮ ಫೋನು ಬೇಕಾದರೆ ತಮ್ಮ ಜೊತೆಗೇ ನಿದ್ದೆ ಮಾಡಲಿ, ನಮ್ಮ ಅಭ್ಯಂತರವಿಲ್ಲ.

ಇನ್ನು ಸೋಮವಾರದ ವಿಷಯ. ಕತೆ ಕೇಳಿದ ನಾವೆಲ್ಲ ಮರುದಿನ ಬೆಳಿಗ್ಗೆ ಎದ್ದು, ಸೋರುವ ಹಾಸಿಗೆಗಳನ್ನು ಹೊತ್ತು ತಂದು, ನಿಮ್ಮ ಕಚೇರಿಯ ಮೆಟ್ಟಿಲು, ಕಾಂಪೌಂಡು ಮತ್ತು ತಮ್ಮ ಕಾರಿನ ಮೇಲೆ ಬಿಸಿಲಿಗೆ ಹರವಿದ್ದು ನಿಜ. ಹೆಡ್ ಕ್ಲಾರ್ಕು ಓಡಿ ಬಂದು, “ಯಾರನ್ನ ಕೇಳಿ ಹಾಕಿದ್ರೀ?” ಎಂದು ಗದರಿದ್ದೂ ನಿಜ. ಭಾವ ಕೈಮುಗಿದು, “ಕೇಳೋಣಾಂತ ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದೀವಿ ಸ್ವಾಮಿ” ಅಂದರು. ಹಾಸಿಗೆಗಳನ್ನು ತೆಗೆಯಬೇಕೆನಿಸಿದರೆ ದಯವಿಟ್ಟು ನಮಗೊಂದು ಕರೆ ಮಾಡಿ. ನಮ್ಮದು ರಿಂಗಾಗುತ್ತದೆ.

ಇಂತಿ,
ಹಾಸಿಗೆಯ ಹಿಂದಿನ ತುದಿ ಹಿಡಿದು ನಡೆದು ಬೆನ್ನು, ಬೂಟು ಎರಡೂ ಒದ್ದೆ ಮಾಡಿಕೊಂಡ
ತಮ್ಮ ಒಬ್ಬ ಗ್ರಾಹಕ