ರಾಜ ಸುಡಿಸಿದ ಕುರ್ಚಿಗಳು

ಅಕ್ಕಾ, ಫೆಹೆರ್‌ವಾರ್ ಅರಮನೆಯಿಂದ ನಿನ್ನ ತಮ್ಮ ಪೋಶಾ. ಈ ತೊಗಲಿನ ಚೂರಿನಲ್ಲಿ ಹಿಡಿಸುವಷ್ಟು ಬರೀತೀನಿ.

ಇವತ್ತು ಹೊಸ ರಾಜ ಸಭೆಯಲ್ಲಿದ್ದ ಸರದಾರರ ಕುರ್ಚಿಗಳನ್ನೆಲ್ಲ ಅಂಗಳಕ್ಕೆ ಹೊರಿಸಿ ಬೆಂಕಿ ಹಾಕಿಸಿದ. ಇನ್ನುಮೇಲೆ ಬಿಷಪ್ಪರನ್ನು ಬಿಟ್ಟು ಯಾರೂ ಅವನೆದುರು ಕೂರಬಾರದಂತೆ. ಸರದಾರರು ಕತ್ತಿಯ ಹಿಡಿ ಬಿಗಿಯಾಗಿ ಹಿಡಿದು ನಿಂತರು. ನಮ್ಮ ಮಿಕೋ ಧಣಿ ಮಾತ್ರ ಆ ಬೆಂಕಿಯಲ್ಲಿ ಕೈ ಕಾಯಿಸಿಕೊಳ್ಳುತ್ತಾ, "ನಮ್ಮ ತಾತನ ಕುರ್ಚಿ, ಚೆನ್ನಾಗೇ ಉರಿಯುತ್ತೆ" ಅಂದರು. ರಾಜನಿಗೆ ಕೇಳಿಸಿತು.

ಬಿಡಾರಕ್ಕೆ ಬಂದ ಮೇಲೆ ಧಣಿ ನನ್ನ ಬೆನ್ನು ಒತ್ತಿ ನೋಡಿ, "ಗಟ್ಟಿಯಾಗಿದೆ. ನಾಳೆ ಸಭೇಲಿ ನೀನು ಕೈ ಮಂಡಿ ಊರಿ ಬಗ್ಗು, ನಾನು ಕೂರ್ತೀನಿ. ಅವನು ಸುಟ್ಟಿರೋದು ಕುರ್ಚೀನ ತಾನೆ, ಆಳುಗಳನ್ನಲ್ಲವಲ್ಲ" ಅಂದರು.

"ಧಣೀ, ರಾಜನಿಗೆ ಸಿಟ್ಟು ಬಂದ್ರೆ?" ಅಂದೆ.

"ಬರ್ಲಿ ಅಂತಾನೇ ಕೂರೋದು ಕಣೋ!" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಈ ಓಲೆ ತರೋ ಉಪ್ಪಿನ ಗಾಡಿಯವನು ಹೊರಟು ನಿಂತಿದ್ದಾನೆ. ಬೆನ್ನಿಗೆ ಹಚ್ಚೋಕೆ ಹೆಬ್ಬಾತಿನ ಕೊಬ್ಬು ಅವನ ಕೈಲೇ ಕಳಿಸು. ಬೇಡ, ನಾಳೆಯ ಸುದ್ದಿ ಬಂದ ಮೇಲೆ ಕಳಿಸು. ಕುರ್ಚಿಗಳಿಗೆ ಏನಾಯ್ತು ಅಂತ ಮೇಲೆ ಬರೆದಿದ್ದೀನಲ್ಲ.