ನನ್ನ ಸೊಸೆ ಉಂಡ ಐವತ್ತೆಂಟು ತಟ್ಟೆ ಊಟ

ಮಾನ್ಯ ಆಹಾರ ಸಮೀಕ್ಷಾ ಮುಖ್ಯಾಧಿಕಾರಿಗಳೇ,

ನನ್ನ ಸೊಸೆ ಒಂದೇ ದಿನದಲ್ಲಿ ಐವತ್ತೆಂಟು ತಟ್ಟೆ ಊಟ ಮಾಡಿದ್ದಾಳೆ ಎಂದು ತಾವು ಸಹಿ ಹಾಕಿ ತಿಳಿಸಿದ್ದೀರಿ. ಅವಳು ಬಸುರಿ, ಗಾಳಿ ಜೋರಾಗಿ ಬೀಸಿದರೆ ಬಾಗಿಲು ಹಿಡಿದುಕೊಂಡು ನಿಲ್ಲುವಂಥ ಹುಡುಗಿ. ಅವಳ ಆಹಾರ ಸೇವನೆ ‘ಅಪಾಯಕಾರಿ ಮಟ್ಟದಲ್ಲಿ ಅಧಿಕ’ ಇರುವುದರಿಂದ ಬಡ ಗರ್ಭಿಣಿಯರಿಗೆ ಕೊಡುವ ಪೌಷ್ಟಿಕ ಆಹಾರದ ಪೊಟ್ಟಣವನ್ನು ನಿಲ್ಲಿಸಲಾಗಿದೆ, ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸತಕ್ಕದ್ದು ಎಂದು ಸಲಹೆಯನ್ನೂ ದಯಪಾಲಿಸಿದ್ದೀರಿ. ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ್ದೇವೆ. ಪೊಟ್ಟಣ ನಿಂತ ಮೇಲೆ ಊಟ ತಾನಾಗಿಯೇ ಕಡಿಮೆಯಾಯಿತು. ನಡೆಯುತ್ತಿದ್ದವಳು ಹೋದ ವಾರ ಎಂಜಲು ತಟ್ಟೆಗಳ ಸಮೇತ ಕುಸಿದು ಬಿದ್ದಳು. ಈಗ ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ತಮಗೆ ನನ್ನ ಮುಖ ನೆನಪಿರಲಿಕ್ಕಿಲ್ಲ, ಕೈರುಚಿ ಮಾತ್ರ ಚೆನ್ನಾಗಿ ಗೊತ್ತು. ತಾವು ಕೂರುವ ಕಟ್ಟಡದ ನೆಲಮಹಡಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು ನಾನು. ಬಡಿಸುವವಳು ನನ್ನ ಸೊಸೆ. ದಿನಾ ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಮೊದಲ ತುತ್ತಿಗೇ ಉಪ್ಪು ಕಡಿಮೆ ಎಂದು ಮೂಗು ಮುರಿದು, ಆಮೇಲೆ ಎರಡನೇ ಸಲ ಹಾಕಿಸಿಕೊಂಡು ಉಣ್ಣುವವರು ತಾವು. ಅದೇ ಗೋಡೆಯ ಮೇಲೆ ತಮ್ಮ ಸಹಿಯ ಸುತ್ತೋಲೆಯೊಂದು ಅಂಟಿದೆ. ರಿಯಾಯಿತಿ ದರದ ಊಟ ಕಚೇರಿ ಸಿಬ್ಬಂದಿಗೆ ಮಾತ್ರ, ಕ್ಯಾಂಟೀನಿನ ಕೆಲಸಗಾರರು ಅದನ್ನು ಮುಟ್ಟತಕ್ಕದ್ದಲ್ಲ ಎಂದು. ಹಾಗಾಗಿ ನಾವಿಬ್ಬರೂ ಮನೆಯಿಂದ ಡಬ್ಬಿ ತರುತ್ತೇವೆ. ಎಲ್ಲರ ಊಟ ಮುಗಿದ ಮೇಲೆ ಉಗ್ರಾಣದಲ್ಲಿ, ಎಣ್ಣೆ ಡಬ್ಬಗಳ ಸಂದಿಯಲ್ಲಿ ಕೂತು ತಣ್ಣಗಾದ ಅನ್ನ, ನೀರು ಬೇಳೆ ತಿನ್ನುತ್ತೇವೆ.

ನಾನು ಒಳ್ಳೆಯ ಅತ್ತೆ ಎಂದು ಯಾರೂ ಹೇಳುವುದಿಲ್ಲ. ಲಾರಿ ಓಡಿಸುವ ನನ್ನ ಮಗ ತಿಂಗಳಿಗೊಮ್ಮೆ ಮನೆಗೆ ಬಂದಾಗ ಅವನೂ ಹೇಳುವುದಿಲ್ಲ. ಅವಳು ಪಾತ್ರೆ ತೊಳೆದದ್ದು ಸರಿಯಿಲ್ಲ, ಬಟ್ಟೆ ಹಿಂಡಿದ್ದು ಸರಿಯಿಲ್ಲ, ಏನೂ ಮಾಡದೆ ಸುಮ್ಮನೆ ಕೂತರೆ ಅದಂತೂ ಸರಿಯೇ ಇಲ್ಲ. ನನ್ನ ನಾಲಿಗೆ ಉದ್ದ, ಒಪ್ಪುತ್ತೇನೆ. ಆದರೆ ಸ್ವಾಮಿ, ಸೊಸೆ ಏನು ತಿಂದಳು, ಎಷ್ಟು ತಿಂದಳು, ಯಾವಾಗ ಯಾರಿಗೂ ಕಾಣದ ಹಾಗೆ ಬಾಯಿಗೆ ಹಾಕಿಕೊಂಡಳು ಎಂದು ಅಳೆಯುವುದಕ್ಕೆ ಅತ್ತೆಯ ಕಣ್ಣಿಗಿಂತ ಪಕ್ಕಾ ಸಾಧನ ಈ ಭೂಮಿಯ ಮೇಲೆ ಇನ್ನೊಂದು ಹುಟ್ಟಿದೆಯೇ? ಹೊರದೇಶದಿಂದ ತಕ್ಕಡಿ ತರಿಸಿದಿರಿ, ಕ್ಯಾಮೆರಾ ತರಿಸಿದಿರಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದ ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಬಡ ದೇಶಗಳ ಜನ ಏನು ತಿನ್ನುತ್ತಾರೆ ಎಂದು ಅಳೆಯುವುದು ಭಾರೀ ಕಷ್ಟವಂತೆ. ತಮ್ಮ ವರದಿಯ ಮೊದಲ ಪುಟದಲ್ಲೇ ಆ ಗೋಳು ಇದೆ. ಮೊದಲು ನಮ್ಮ ಓಣಿಗೆ ಸಮೀಕ್ಷೆಯ ಹೆಂಗಸೊಬ್ಬಳನ್ನು ತಕ್ಕಡಿ ಕೊಟ್ಟು ಕಳಿಸಿದಿರಿ. ತಕ್ಕಡಿಯಮ್ಮ ಅಂತಲೇ ಅವಳಿಗೆ ಹೆಸರು ಬಿತ್ತು. ಮನೆಗೆ ಬಂದವರೆದುರು ಖಾಲಿ ಪಾತ್ರೆ ತೋರಿಸಲು ಯಾರಿಗೆ ಮನಸ್ಸು ಬರುತ್ತದೆ? ಅವಳು ಬರುವ ದಿನ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಧಾರಾಳವಾಗಿ ಅಡುಗೆಯಾಯಿತು, ಮರುದಿನ ಎಲ್ಲರೂ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗಿದರು. ಆಮೇಲೆ ಪ್ರಶ್ನೆ ಕೇಳಿಸಿದಿರಿ, ನಿನ್ನೆ ಏನೇನು ತಿಂದಿರಿ ಎಂದು. ಪಕ್ಕದ ಮನೆಯ ದರ್ಜಿಯ ಹೆಂಡತಿ ಮೂರು ಹೊತ್ತೂ ಮಾಂಸ ತಿಂದೆ ಅಂದಳು. ಪಾಪ, ಅದು ಅವಳು ತಿಂದದ್ದಲ್ಲ, ಆಸೆಪಟ್ಟದ್ದು. ಇದು ತಿಳಿದು ತಮಗೆ ಕನಿಕರ ಬರಲಿಲ್ಲ, ಕೋಪ ಬಂತು. ಬಡವರು ಸುಳ್ಳುಗಾರರು, ಯಂತ್ರವೇ ಸರಿ ಎಂದು ತೀರ್ಮಾನಿಸಿದಿರಿ.

ಯಂತ್ರ ಬಂತು. ಬೆಂಕಿಪೆಟ್ಟಿಗೆಯಷ್ಟು ಕ್ಯಾಮೆರಾ, ಕೊರಳಿಗೆ ನೇತುಹಾಕುವ ದಾರ. ಕ್ಷಣಕ್ಕೊಂದು ಚಿತ್ರ ತಾನೇ ತೆಗೆಯುತ್ತದೆ. ಎದೆಯ ಮುಂದೆ ತುಂಬಿದ ತಟ್ಟೆ ಕಂಡು, ಆಮೇಲೆ ಅದೇ ಖಾಲಿಯಾಗಿ ಕಂಡರೆ, ಕ್ಯಾಮೆರಾ ಹಾಕಿಕೊಂಡವರು ಅದನ್ನು ಉಂಡರು ಎಂದು ಲೆಕ್ಕ. ಪೊಟ್ಟಣ ಪಡೆಯುವ ಬಸುರಿಯರ ಒಂದು ದಿನವನ್ನು ಹೀಗೆ ಅಳೆಯಬೇಕು, ಮಾಮೂಲಿ ಕೆಲಸದ ದಿನವೇ ಆಗಬೇಕು ಎಂದು ತಮ್ಮ ಅಪ್ಪಣೆ. ತಕ್ಕಡಿಯಮ್ಮ ಬೆಳಿಗ್ಗೆ ಬಂದು ನನ್ನ ಸೊಸೆಯ ಕೊರಳಿಗೆ ಅದನ್ನು ಹಾಕಿ, ಕತ್ತಲಾಗುವವರೆಗೆ ತೆಗೆಯಬೇಡ ಅಂದಳು. ಹುಡುಗಿಗೆ ಹೆಮ್ಮೆ. ಸೆರಗಿನಿಂದ ಅದರ ಗಾಜು ಒರೆಸಿದ್ದೇ ಒರೆಸಿದ್ದು. ಮಧ್ಯಾಹ್ನ ಎಂದಿನಂತೆ ಒಂದೊಂದು ಮೇಜಿಗೂ ತುಂಬಿದ ತಟ್ಟೆ ಇಟ್ಟಳು, ಎಂದಿನಂತೆ ಖಾಲಿ ತಟ್ಟೆ ಎತ್ತಿದಳು. ಕ್ಯಾಮೆರಾ ತುಂಬಿದ್ದನ್ನು ನೋಡಿತು, ಖಾಲಿಯಾದದ್ದನ್ನೂ ನೋಡಿತು. ನಡುವಿನ ಬಾಯಿ ಯಾರದು ಎಂದು ಅದು ಕೇಳಲಿಲ್ಲ, ತಾವೂ ಕೇಳಲಿಲ್ಲ.

ಇನ್ನೊಂದು ವಿಷಯ ಹೇಳಿದರೆ ತಮಗೆ ನಗು ಬಂದೀತು. ಉಗ್ರಾಣದಲ್ಲಿ ತನ್ನ ಡಬ್ಬಿ ಬಿಚ್ಚುವ ಮುಂಚೆ ಅವಳು ಕ್ಯಾಮೆರಾವನ್ನು ಬೆನ್ನ ಹಿಂದೆ ತಿರುಗಿಸಿಕೊಂಡಳು. ಯಾಕೇ ಅಂದೆ. “ಸರ್ಕಾರದ್ದು ಅತ್ತೆ, ಬೇಳೆ ಚೆಲ್ಲಿ ಕಲೆ ಆದ್ರೆ ನನ್ನ ತಲೆಗೇ ಬರತ್ತೆ” ಅಂದಳು. ಆ ಹೊತ್ತಿನಲ್ಲಿ ಕ್ಯಾಮೆರಾ ಎಣ್ಣೆ ಡಬ್ಬಗಳ ಚಿತ್ರ ತೆಗೆಯುತ್ತ ಕೂತಿತ್ತು. ಹೀಗೆ ತಮ್ಮ ಘನ ಸಮೀಕ್ಷೆಯಲ್ಲಿ ಇಡೀ ಕಚೇರಿಯ ಊಟ ಇದೆ, ಅವಳ ಊಟ ಒಂದು ಮಾತ್ರ ಇಲ್ಲ.

ಪೊಟ್ಟಣ ನಿಂತ ಪತ್ರ ಬಂದ ದಿನ ನಾನೇ ತಮ್ಮ ಮೇಜಿನ ಹತ್ತಿರ ಬಂದು ನಿಂತೆ. ಇದು ಬಡಿಸುವವಳ ಲೆಕ್ಕ, ಉಣ್ಣುವವಳ ಲೆಕ್ಕ ಅಲ್ಲ, ದಯವಿಟ್ಟು ತಿದ್ದಿ ಎಂದು ಬೇಡಿಕೊಂಡೆ. ಜೀವಮಾನದಲ್ಲಿ ನಾನು ಅಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ. ತಾವು ಅಗಿಯುತ್ತಲೇ ಹೇಳಿದಿರಿ: “ನೋಡಮ್ಮ, ಮನುಷ್ಯರು ಸುಳ್ಳು ಹೇಳ್ತಾರೆ, ಕ್ಯಾಮೆರಾ ಹೇಳಲ್ಲ. ಸ್ವಲ್ಪ ಉಪ್ಪು ತನ್ನಿ.” ನಾನು ಉಪ್ಪು ತಂದುಕೊಟ್ಟೆ. ಅವತ್ತು ಕೊಟ್ಟ ಆ ಉಪ್ಪು ನನ್ನನ್ನು ಇವತ್ತಿಗೂ ಸುಡುತ್ತಿದೆ.

ಅಲ್ಲಿಂದ ಓಣಿಯಲ್ಲಿ ಅವಳ ಹೆಸರೇ ‘ಐವತ್ತೆಂಟು’ ಆಯಿತು. ನಲ್ಲಿಯ ಹತ್ತಿರ ನಗು, ಅಂಗಡಿಯಲ್ಲಿ ನಗು. ಅವಳು ಜನರೆದುರು ಒಂದು ಬಿಸ್ಕತ್ತು ತಿನ್ನುವುದಕ್ಕೂ ನಾಚಿಕೊಂಡಳು. ನನ್ನ ಡಬ್ಬಿಯದನ್ನು ಅವಳ ಡಬ್ಬಿಗೆ ಸುರಿದರೆ ಅವಳು ಮತ್ತೆ ನನ್ನದಕ್ಕೇ ಸುರಿಯುತ್ತಿದ್ದಳು. ಆ ಜಗಳದಲ್ಲಿ ಮಾತ್ರ ನಾನು ಗೆಲ್ಲಲಿಲ್ಲ. ಕುಸಿದು ಬಿದ್ದ ದಿನ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮೈಯಲ್ಲಿ ರಕ್ತವೇ ಇಲ್ಲ, ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲ, ಹೆರಿಗೆಯ ತನಕ ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಎರಡು ಜೀವಕ್ಕೂ ಭರವಸೆ ಕೊಡಲಾರೆ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಅತ್ತೆ ನೀವೇನಾ? ಮನೇಲಿ ಇವಳಿಗೆ ಊಟ ಹಾಕ್ತೀರೋ ಇಲ್ವೋ?”

ವಾರ್ಡಿನ ಹೆಂಗಸರೆಲ್ಲ ನನ್ನನ್ನೇ ನೋಡಿದರು. ಉತ್ತರವಾಗಿ ನನ್ನ ಹತ್ತಿರ ಇದ್ದದ್ದು ತಮ್ಮ ಪತ್ರ ಒಂದೇ. ಐವತ್ತೆಂಟು ತಟ್ಟೆ ಉಂಡಿದ್ದಾಳೆ ಎಂದು ತೋರಿಸಲೇ? ಸೊಸೆಗೆ ನಾನು ಕೊಡದ ಕಾಟವಿಲ್ಲ, ಆದರೆ ಹಸಿವೆಯ ಕಾಟ ಕೊಟ್ಟವಳಲ್ಲ. ಸೊಸೆಯನ್ನು ಉಪವಾಸ ಕೆಡವಿದವಳು ಎಂಬ ಹೆಸರನ್ನು ನನ್ನ ಹಣೆಗೆ ಅಂಟಿಸಿದವರು ತಾವು. ಇದನ್ನು ನಾನು ಕ್ಷಮಿಸುವುದಿಲ್ಲ, ಹಾಗೆಂದು ಇಲ್ಲಿ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಮೊನ್ನೆ ತಕ್ಕಡಿಯಮ್ಮ ಆಸ್ಪತ್ರೆಗೆ ಬಂದಳು. ಅವಳಿಗೂ ಮನಸ್ಸು ಚುಚ್ಚಿದೆ. ಆ ದಿನದ ಚಿತ್ರಗಳನ್ನು ತನ್ನ ಫೋನಿನಲ್ಲಿ ಒಂದೊಂದಾಗಿ ತೋರಿಸಿದಳು. ಒಂದರಲ್ಲಿ ಕಿಟಕಿ ಪಕ್ಕದ ಮೇಜು, ತುಂಬಿದ ತಟ್ಟೆ, ಅದರ ಮೇಲೆ ನೀಲಿ ಕಲ್ಲಿನ ಉಂಗುರದ ದಪ್ಪ ಕೈ, ಕೈ ಪಕ್ಕದಲ್ಲಿ ಉಪ್ಪಿನ ಬಟ್ಟಲು. ಮುಂದಿನದರಲ್ಲಿ ಅದೇ ಉಂಗುರ, ಎರಡನೇ ಸಲ ಹಾಕಿಸಿಕೊಂಡ ಅನ್ನ. ಅದಾದ ಮೇಲೆ ಖಾಲಿ ತಟ್ಟೆ. ‘ತಾವು’ ಎಂದು ಬರೆದದ್ದು ಇಲ್ಲಿಗೆ ಸಾಕು. ಆ ಕೈ ನಿಮ್ಮದು. ನೀವು ಉಂಡದ್ದನ್ನು ನನ್ನ ಸೊಸೆಯ ಹೊಟ್ಟೆಗೆ ಬರೆದು, ಅದೇ ಕೈಯಲ್ಲಿ ಅವಳ ಪೊಟ್ಟಣ ನಿಲ್ಲಿಸಿ, ಅದೇ ಕೈ ತೊಳೆದುಕೊಂಡು ಮೇಲಿನ ಮಹಡಿಗೆ ಹತ್ತಿ ಹೋದಿರಿ. ಸುತ್ತೋಲೆಯ ಪ್ರಕಾರ ಅವಳು ನಿಮ್ಮ ಊಟ ಮುಟ್ಟುವಂತಿಲ್ಲ, ವರದಿಯ ಪ್ರಕಾರ ಎಲ್ಲವನ್ನೂ ಉಂಡಿದ್ದಾಳೆ. ಎರಡರ ಕೆಳಗೂ ನಿಮ್ಮದೇ ಸಹಿ. ಯಾವ ಸಹಿ ಸುಳ್ಳು, ನೀವೇ ಆರಿಸಿಕೊಳ್ಳಿ.

ನನ್ನ ಬೇಡಿಕೆ ಇಷ್ಟು. ವರದಿಯಲ್ಲಿ ಅವಳ ಹೆಸರಿನ ಮುಂದಿರುವ ಸುಳ್ಳನ್ನು ಅಳಿಸಿ, ಪೊಟ್ಟಣ ಮತ್ತೆ ಕೊಡಿ. ನೀವೇ ವಾರ್ಡಿಗೆ ಬಂದು, ಆ ಹೆಂಗಸರೆಲ್ಲ ಕೇಳುವ ಹಾಗೆ ಡಾಕ್ಟರಮ್ಮನಿಗೆ ಹೇಳಿ, ತಪ್ಪು ಅತ್ತೆಯದಲ್ಲ, ನನ್ನದು ಎಂದು. ಸೋಮವಾರದ ಊಟದ ಹೊತ್ತಿನವರೆಗೆ ಕಾಯುತ್ತೇನೆ. ಈ ಪತ್ರದ ಒಂದು ಪ್ರತಿ ಪತ್ರಿಕೆಗೆ ಹೋಗಿದೆ, ಇನ್ನೊಂದು ನಿಮ್ಮ ಸುತ್ತೋಲೆಯ ಪಕ್ಕದಲ್ಲೇ ಅಂಟಿದೆ. ನನ್ನನ್ನು ಕೆಲಸದಿಂದ ತೆಗೆಯುತ್ತೀರಿ, ಗೊತ್ತು. “ಜಗಳ ಆಡ್ಬೇಡಿ ಅತ್ತೆ, ಕೆಲ್ಸ ಹೋಗತ್ತೆ” ಎಂದು ಹಾಸಿಗೆಯಿಂದಲೇ ಅವಳೂ ಗೋಗರೆದಳು. ಆದರೆ ಆ ಆದೇಶವೂ ನಿಮ್ಮ ಕಚೇರಿಯ ವೇಗದಲ್ಲೇ ಬರಬೇಕಲ್ಲ? ಅಲ್ಲಿಯವರೆಗೆ ಸೌಟು ನನ್ನ ಕೈಯಲ್ಲೇ ಇರುತ್ತದೆ, ಬಡಿಸುವವಳು ಇಲ್ಲದ್ದರಿಂದ ಬಡಿಸುವುದೂ ನಾನೇ.

ಸೋಮವಾರ ನೀವು ಬಾರದಿದ್ದರೆ, ನಿಮ್ಮ ವಿಧಾನವನ್ನು ನಿಮ್ಮ ಮೇಲೇ ಪ್ರಯೋಗಿಸುತ್ತೇನೆ. ತುಂಬಿದ ತಟ್ಟೆಯನ್ನು ನಿಮ್ಮ ಎದೆಯ ಮುಂದೆ ಹಿಡಿದು ತೋರಿಸುತ್ತೇನೆ, ಒಳಗೆ ತೆಗೆದುಕೊಂಡು ಹೋಗುತ್ತೇನೆ, ಖಾಲಿ ತಟ್ಟೆ ತಂದು ಮತ್ತೆ ತೋರಿಸುತ್ತೇನೆ. ಅಲ್ಲಿಗೆ ನೀವು ಉಂಡಂತಾಯಿತು. ನಡುವೆ ಆ ಊಟ ಎಲ್ಲಿಗೆ ಹೋಯಿತೆಂದು ಹುಡುಕಬೇಡಿ. ಅದು ಡಬ್ಬಿಯಲ್ಲಿ ಆಸ್ಪತ್ರೆಗೆ ಹೋಗುತ್ತದೆ. ಹೇಗೂ ನಿಮ್ಮ ಊಟವನ್ನು ನೀವೇ ಅವಳ ಹೆಸರಿಗೆ ಬರೆದುಕೊಟ್ಟಿದ್ದೀರಲ್ಲ, ಇನ್ನು ಮೇಲೆ ಅವಳೇ ಉಣ್ಣಲಿ.

ಇಂತಿ, ಉಪ್ಪು ತಂದುಕೊಟ್ಟದ್ದಕ್ಕೆ ಪಶ್ಚಾತ್ತಾಪ ಪಡುತ್ತಿರುವ,
ಐವತ್ತೆಂಟು ತಟ್ಟೆಯವಳ ಅತ್ತೆ